ಕಟ್ಟಡದ ಗಡಿಯಾರಗಳನ್ನೆಲ್ಲ ಒಂದೇ ಸಮಯಕ್ಕೆ ತರುವುದು

ಸಾಮಾನ್ಯ ಕ್ವಾರ್ಟ್ಜ್ ಗಡಿಯಾರದೊಳಗಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆಯಾದರೂ, ತಾಪಮಾನ ಏರಿಳಿದಂತೆ ಆ ಲೆಕ್ಕ ತುಸು ತಪ್ಪುವುದರಿಂದ ತಿಂಗಳಿಗೆ ಸುಮಾರು 15 ಸೆಕೆಂಡುಗಳ ವ್ಯತ್ಯಾಸ ಬರುವುದು ಸಹಜ. ಒಂದು ಮುಂದೆ ಓಡಿ ಇನ್ನೊಂದು ಹಿಂದೆ ಬಿದ್ದರೆ, ವರ್ಷ ಕಳೆಯುವಷ್ಟರಲ್ಲಿ ಎರಡು ಕೋಣೆಗಳ ನಡುವೆ ಕೆಲವು ನಿಮಿಷಗಳ ಅಂತರವಾಗುತ್ತದೆ.

ಇದನ್ನು ತಪ್ಪಿಸಲು ಬಳಸುವ ವೈರ್‌ಲೆಸ್ ವ್ಯವಸ್ಥೆಯಲ್ಲಿ ಮುಖ್ಯ ಪ್ರಸಾರಕವು ಜಿಪಿಎಸ್ ಉಪಗ್ರಹಗಳಿಂದಲೋ ಎನ್‌ಟಿಪಿ ಸರ್ವರ್‌ನಿಂದಲೋ (ನೆಟ್‌ವರ್ಕ್ ಮೂಲಕ ನಿಖರ ಸಮಯ ತಿಳಿಸುವ ಕಂಪ್ಯೂಟರ್) ಸಮಯ ಪಡೆದು, ಅದನ್ನು ರೇಡಿಯೊ ಸಂಕೇತದ ಮೂಲಕ ಗೋಡೆ ಗಡಿಯಾರಗಳಿಗೆ ತಲುಪಿಸುತ್ತದೆ. ಜಿಪಿಎಸ್ ಆದರೆ ಆಂಟೆನಾಗೆ ತೆರೆದ ಆಕಾಶ ಬೇಕು. ಹೊರಗಿನ ಎನ್‌ಟಿಪಿ ಸರ್ವರ್ ಆದರೆ ನೆಟ್‌ವರ್ಕ್‌ನ ಕಾವಲಿಗಿರುವ ಫೈರ್‌ವಾಲ್‌ನಲ್ಲಿ ಎನ್‌ಟಿಪಿ ಸಂದೇಶಗಳು ಸಾಗುವ ದಾರಿಯಾದ ಯುಡಿಪಿ 123ನೇ ಪೋರ್ಟ್ ತೆರೆದಿರಬೇಕು. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಇದನ್ನು ಮೊದಲೇ ತಿಳಿಸದಿದ್ದರೆ, ಏಣಿ ಹತ್ತಿದವರು ಸುಮ್ಮನೆ ಕಾಯಬೇಕಾಗುತ್ತದೆ.

ನನ್ನ ದೃಷ್ಟಿಯಲ್ಲಿ ನಿಜವಾದ ಕೆಲಸವಿರುವುದು ಜಾಗ ಆರಿಸುವುದರಲ್ಲಿ. ಲಿಫ್ಟ್ ಸುತ್ತಲಿನ ಕಾಂಕ್ರೀಟ್ ಗೋಡೆ, ಕಬ್ಬಿಣದ ಬಾಗಿಲು, ಉಕ್ಕಿನ ಕಪಾಟುಗಳ ಸಾಲು ಇವೆಲ್ಲ ಸಂಕೇತವನ್ನು ಕುಗ್ಗಿಸುವುದರಿಂದ, ಮೊಳೆ ಹೊಡೆಯುವ ಮೊದಲು ಗಡಿಯಾರವನ್ನು ಅದೇ ಜಾಗದಲ್ಲಿ ಹಿಡಿದು ಪರೀಕ್ಷಿಸುವುದು ಲೇಸು. ಕೆಲವು ವ್ಯವಸ್ಥೆಗಳಲ್ಲಿ ಪ್ರತಿಯೊಂದು ಗಡಿಯಾರವೂ ಸಂಕೇತವನ್ನು ಮುಂದಕ್ಕೆ ದಾಟಿಸುತ್ತದೆ. ಅಲ್ಲಿ ಪ್ರಸಾರಕಕ್ಕೆ ಹತ್ತಿರವಿರುವುದರಿಂದ ಆರಂಭಿಸಿ ದೂರಕ್ಕೆ ಸಾಗಬೇಕು.

ಬ್ಯಾಟರಿ ಹಾಕಿದ ಕೂಡಲೇ ಮುಳ್ಳುಗಳು ಸರಸರನೆ ತಿರುಗಿ 12ಕ್ಕೆ ಬಂದು ನಿಂತರೆ ಗಾಬರಿಪಡಬೇಕಿಲ್ಲ. ಹಲವು ಮಾದರಿಗಳು ಹೀಗೆಯೇ ತಮ್ಮ ಮುಳ್ಳುಗಳ ನೆಲೆಯನ್ನು ಗೊತ್ತುಮಾಡಿಕೊಂಡು, ಸಂಕೇತ ಸಿಕ್ಕ ಮೇಲೆ ಸರಿಯಾದ ಸಮಯಕ್ಕೆ ಓಡುತ್ತವೆ. ಆಗ ಅವಸರಪಟ್ಟು ಕೈಯಿಂದ ಮುಳ್ಳು ತಿರುಗಿಸಿದರೆ ಆ ನೆಲೆಯೇ ತಪ್ಪಿಹೋಗಬಹುದು. ಎಲ್ಲಕ್ಕೂ ಒಟ್ಟಿಗೆ ಹೊಸ ಬ್ಯಾಟರಿ ಹಾಕಿ, ದಿನಾಂಕವನ್ನು ಹಿಂಬದಿಯಲ್ಲಿ ಬರೆದಿಡಿ.