ಡುರಾಂಗೊ–ಸಿಲ್ವರ್‌ಟನ್ ರೈಲು: ಒಂದು ರಾತ್ರಿ ಉಳಿಯುವವರಿಗೆ

ಅಮೆರಿಕದ ಕೊಲರಾಡೊ ರಾಜ್ಯದ ಡುರಾಂಗೊದಿಂದ ಬೆಳಗ್ಗೆ ಹೊರಡುವ ಉಗಿಬಂಡಿ 72 ಕಿ.ಮೀ. ದಾರಿಗೆ ಮೂರೂವರೆ ತಾಸು ತೆಗೆದುಕೊಳ್ಳುತ್ತದೆ. ಹಳೆಯ ಗಣಿಯೂರು ಸಿಲ್ವರ್‌ಟನ್‌ನಲ್ಲಿ ಇಳಿದು ಅದೇ ದಿನ ಮರಳುವವರಿಗೆ ಸಿಗುವುದು ಸುಮಾರು ಎರಡು ತಾಸು. ಊಟಕ್ಕೇ ಒಂದು ತಾಸು ಕಳೆದರೆ ಗಣಿ ನೋಡಲು ಹೊತ್ತೆಲ್ಲಿ? ಮರುದಿನ ವಾಪಸಾಗುವ ಟಿಕೆಟ್ ಬೇಕೆಂದು ಕಾಯ್ದಿರಿಸುವಾಗಲೇ ಕೇಳಿ.

ಈ ಹಳಿ ಹಾಕಿದ್ದು ಅದಿರಿಗಾಗಿ. ಅಮೆರಿಕ ಸರ್ಕಾರದೊಂದಿಗಿನ 1873ರ ಬ್ರೂನೋ ಒಪ್ಪಂದದಲ್ಲಿ ಇಲ್ಲಿನ ಸ್ಯಾನ್ ಹುವಾನ್ ಬೆಟ್ಟಗಳು ಮೂಲನಿವಾಸಿ ಯೂಟ್ ಜನರ ಕೈತಪ್ಪಿದವು; ಮರುವರ್ಷವೇ ಸಿಲ್ವರ್‌ಟನ್ ಊರೆದ್ದಿತು. ಆಗ ಅದಿರನ್ನು ಹೇಸರಗತ್ತೆಗಳ ಮೇಲೆ ಹೇರಿ, 3,800 ಮೀಟರ್ ಎತ್ತರದ ಸ್ಟೋನಿ ಪಾಸ್ ದಾಟಿಸಬೇಕಿತ್ತು. ಆ ಖರ್ಚಿಗೆ ಬೆಳ್ಳಿಯಂಶ ಹೆಚ್ಚಿದ್ದ ಅದಿರು ಮಾತ್ರ ಗಿಟ್ಟುತ್ತಿತ್ತು. ಡೆನ್ವರ್ ಅಂಡ್ ರಿಯೋ ಗ್ರಾಂಡ್ ರೈಲು ಕಂಪನಿ 1880ರಲ್ಲಿ ಡುರಾಂಗೊ ಊರನ್ನೇ ಹೊಸದಾಗಿ ಕಟ್ಟಿಸಿ, 1882ರ ಜುಲೈನಲ್ಲಿ ಸಿಲ್ವರ್‌ಟನ್‌ಗೆ ಹಳಿ ಮುಟ್ಟಿಸಿತು. ಸಾಗಣೆ ಅಗ್ಗವಾದೊಡನೆ ಬಡ ಅದಿರಿಗೂ ಬೆಲೆ ಬಂತು. ಅದಿರು ಕರಗಿಸುವ ಕುಲುಮೆ, ಕಲ್ಲಿದ್ದಲು ಹತ್ತಿರವಿದ್ದ ಡುರಾಂಗೊಗೆ ಇಳಿಯಿತು. ಹಳಿಗಳ ನಡುವಿನ ಅಂತರ 3 ಅಡಿಯಷ್ಟೇ: ಬಿಗಿ ತಿರುವು ಸಾಧ್ಯ, ಬಂಡೆ ಒಡೆಯುವ ಕೆಲಸವೂ ಕಡಿಮೆ. ಊಟಿ ರೈಲಿನ ಹಲ್ಲುಹಳಿ ಇಲ್ಲಿಲ್ಲ. ಅನಿಮಾಸ್ ನದಿಗುಂಟ ರೈಲು ಬರಿಯ ಚಕ್ರದ ಹಿಡಿತದಲ್ಲೇ ಏರುತ್ತದೆ.

ಹೋಗುವಾಗ ಬಲಬದಿಯ ಸೀಟು ಹಿಡಿಯಿರಿ. ಹೈ ಲೈನ್ ಎಂಬ ಬಂಡೆಯಂಚಿನ ಹಳಿಭಾಗದಲ್ಲಿ ನದಿ ಕಾಣುವುದು ಆ ಬದಿಗೇ. ತೆರೆದ ಬೋಗಿಯಾದರೆ ಕಣ್ಣಿಗೆ ಕನ್ನಡಕ, ಮೈಗೆ ಜಾಕೆಟ್ ಬೇಕು; ಜುಲೈ ಮಧ್ಯಾಹ್ನವೂ ಗುಡುಗುಮಳೆ ಬಂದೀತು. ಸಿಲ್ವರ್‌ಟನ್ 2,840 ಮೀಟರ್ ಎತ್ತರದಲ್ಲಿದೆ. ಇಳಿದ ಕೂಡಲೇ ಓಡಾಡಿದರೆ ತಲೆನೋವು ಹಿಡಿದೀತು. ಆಗಾಗ ನೀರು ಕುಡಿಯಿರಿ, ಮೊದಲ ಸಂಜೆ ಊರೊಳಗೇ ಅಡ್ಡಾಡಿ: 1902ರ ಜೈಲು ಈಗ ಮ್ಯೂಸಿಯಂ, ಬ್ಲೇರ್ ಬೀದಿ ಒಂದು ಕಾಲದಲ್ಲಿ ಹೆಂಡದಂಗಡಿಗಳ ಬೀದಿ.

ಮರುದಿನ ಓಲ್ಡ್ ಹಂಡ್ರೆಡ್ ಗಣಿಗೆ ಹೋಗಿ. ಊರಿನಿಂದ 8 ಕಿ.ಮೀ. ದೂರ, ವಾಹನದ ಏರ್ಪಾಡು ಮೊದಲೇ ಆಗಿರಲಿ. ಪುಟ್ಟ ರೈಲು ಬೆಟ್ಟದೊಳಗೆ ಅರ್ಧ ಕಿ.ಮೀ. ಒಯ್ಯುತ್ತದೆ, ಒಳಗೆ ಬೇಸಿಗೆಯಲ್ಲೂ ಸುಮಾರು 9 ಡಿಗ್ರಿ. ವಾಪಸಿಗೆ ರೈಲೇ ಬೇಕೆಂದಿಲ್ಲ, ಬಸ್ಸಿನಲ್ಲಿ ಒಂದೂವರೆ ತಾಸು.

ಹೆಚ್ಚು ಜನ ಮೋಸಹೋಗುವುದು ಋತುವಿನಲ್ಲಿ. ಸಿಲ್ವರ್‌ಟನ್‌ವರೆಗಿನ ಓಡಾಟ ಮೇನಿಂದ ಅಕ್ಟೋಬರ್‌ವರೆಗೆ. ಚಳಿಗಾಲದ ಗಾಡಿ ಅರ್ಧದಾರಿಯ ಕ್ಯಾಸ್ಕೇಡ್ ಕ್ಯಾನಿಯನ್‌ನಿಂದಲೇ ತಿರುಗುತ್ತದೆ. ಮೇಲಿನ ಕಣಿವೆಯಲ್ಲಿ ಹಿಮ ಕುಸಿಯುತ್ತದೆ. 1884ರಲ್ಲಿ 73 ದಿನ ಊರಿಗೆ ರೈಲೇ ಬರಲಿಲ್ಲ.