‘ನಿಮ್ಮ ಯೇಸು ಯಾಕೆ ತೋಟದ ಆಳಿನ ಥರ ಇದಾನೆ?’

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಆರಾಧನೆ ಮುಗಿದು ಚಪ್ಪಲಿ ಹುಡುಕುವಾಗ ಕೇಳುತ್ತಾರೆ. ಮದುವೆ ಊಟಕ್ಕೆ ಕೂತಾಗ ಕೇಳುತ್ತಾರೆ. ಮೊನ್ನೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ, ಸಾಗರದ ಬಸ್ಸು ಹತ್ತುವ ಹೊತ್ತಿಗೆ, ಒಬ್ಬರು ಕೈ ಹಿಡಿದು ನಿಲ್ಲಿಸಿ ಕೇಳಿದರು. ನಾನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿತ್ತು. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನು ಬೈಬಲ್ ವಾಕ್ಯಗಳಿಗೆ ಚಿತ್ರ ಬರೆಯುವವಳು. ಒಂದು ವಾಕ್ಯ, ಒಂದು ಚಿತ್ರ. ಜನ ಕೇಳುವುದು ಅದರಲ್ಲಿ ಒಂದು ಚಿತ್ರದ ಬಗ್ಗೆ. ಅದರಲ್ಲಿ ಅಡಿಕೆ ತೋಟ ಇದೆ. ಒಬ್ಬ ಹೆಂಗಸು ಅಳುತ್ತಾ ನಿಂತಿದ್ದಾಳೆ. ಅವಳ ಹಿಂದೆ ಒಬ್ಬ ಗಂಡಸು. ಮೊಣಕಾಲವರೆಗೆ ಎತ್ತಿ ಕಟ್ಟಿದ ಪಂಚೆ, ತಲೆ ಮೇಲೆ ಅಡಿಕೆ ಹಾಳೆಯ ಟೋಪಿ, ಅಂಗಿ ಮೇಲೆ ನೀಲಿ ಕಲೆ. ಅವನೇ ಯೇಸು.

ನನ್ನ ಉತ್ತರ ಒಂದೇ ಸಾಲಿನದು. ವಾಕ್ಯದಲ್ಲಿ ಹಾಗೇ ಇದೆ.

ಬೈಬಲ್‌ನಲ್ಲಿ ಯೇಸುವಿನ ಕಥೆ ಹೇಳುವ ಯೋಹಾನನ ಸುವಾರ್ತೆ, 20ನೇ ಅಧ್ಯಾಯ, 11ರಿಂದ 16ನೇ ವಚನ. ಯೇಸುವನ್ನು ಶಿಲುಬೆಗೆ ಹಾಕಿ ಮೂರನೇ ದಿನ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಸಮಾಧಿ ಹತ್ತಿರ ಬಂದಿದ್ದಾಳೆ. ದೇಹ ಅಲ್ಲಿಲ್ಲ. ಅಳುತ್ತಿದ್ದಾಳೆ. ತಿರುಗಿ ನೋಡಿದರೆ ಯಾರೋ ನಿಂತಿದ್ದಾರೆ. ಯೇಸುವೇ ನಿಂತಿರುವುದು. ಆದರೆ ಅವಳು ತೋಟಗಾರ ಅಂದುಕೊಳ್ಳುತ್ತಾಳೆ. ನೀನು ಆತನನ್ನು ಎತ್ತಿಕೊಂಡು ಹೋಗಿದ್ದರೆ ಎಲ್ಲಿ ಇಟ್ಟಿದ್ದೀಯ ಹೇಳು ಅಂತ ಅವನನ್ನೇ ಕೇಳುತ್ತಾಳೆ. ಆತ ಅವಳ ಹೆಸರು ಹಿಡಿದು ಕರೆಯುತ್ತಾನೆ. ಆಗ ಗೊತ್ತಾಗುತ್ತದೆ.

ತೋಟದವನು ಅಂದುಕೊಂಡಳು ಅಂದರೆ ತೋಟದವನ ಥರ ಕಂಡಿರಬೇಕು ಅಲ್ವಾ? ಬಿಳಿ ನಿಲುವಂಗಿ, ತಲೆ ಹಿಂದೆ ಬೆಳಕಿನ ಚಕ್ರ ಹಾಕಿ ನಿಲ್ಲಿಸಿದರೆ ಯಾರು ತಾನೇ ಹಾಗಂದುಕೊಳ್ಳುತ್ತಾರೆ? ಹಾಗೆ ಬರೆದರೆ ಮರಿಯಳನ್ನು ದಡ್ಡಿ ಮಾಡಿದ ಹಾಗಾಗುತ್ತದೆ. ಅವಳು ದಡ್ಡಿ ಅಲ್ಲ. ಬೆಳಗಾಗುವ ಮೊದಲೇ ಕತ್ತಲಲ್ಲಿ ಸಮಾಧಿಗೆ ಬಂದವಳು.

ಇಷ್ಟು ಹೇಳಿದ ಮೇಲೂ ಸುಮ್ಮನಾಗುವುದಿಲ್ಲ. ‘ಅದು ಸರಿ, ಆದ್ರೂ ಆಳಿನ ಥರ…’ ಅನ್ನುತ್ತಾರೆ. ಆ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಸತ್ಯವೇದ, ಅಂದರೆ ಕನ್ನಡ ಬೈಬಲ್, ತೆಗೆದು ನೋಡಿ. ಎದುರಿಗಿರುವವನು ತೋಟದವನು ಅಂದುಕೊಂಡೇ ಮರಿಯಳು ಅವನನ್ನು ‘ಅಯ್ಯಾ’ ಅಂತ ಕರೆಯುತ್ತಾಳೆ. ದುಃಖದಲ್ಲಿದ್ದಾಳೆ, ಅವನ ಮೇಲೆ ಅನುಮಾನವೂ ಇದೆ. ಆದರೂ ‘ಅಯ್ಯಾ’. ನೀವು ಊಟದ ಎಲೆ ಮುಂದೆ ಆರಾಮಾಗಿ ಕೂತು ‘ಆಳು’ ಅನ್ನುತ್ತೀರಿ.

ನಿಮ್ಮ ಮನಸ್ಸಿನಲ್ಲಿರುವ ಯೇಸುವಿನ ಮುಖ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಉದ್ದ ಕಂದು ಕೂದಲು, ಒಂದು ಕಡೆ ತಿರುಗಿದ ನೋಟ, ಮುಖದ ಮೇಲೆ ಬಂಗಾರದ ಬೆಳಕು. ಅದನ್ನು ಬರೆದವರು ಅಮೆರಿಕದ ಶಿಕಾಗೋದ ವಾರ್ನರ್ ಸಾಲ್ಮನ್. 1924ರಲ್ಲಿ ಒಂದು ಪತ್ರಿಕೆಗೆ ಇದ್ದಿಲಲ್ಲಿ ಬರೆದರು. 1940ರಲ್ಲಿ ಅದನ್ನೇ ಎಣ್ಣೆ ಬಣ್ಣದಲ್ಲಿ ಬರೆದರು. ಅದು 50 ಕೋಟಿಗೂ ಜಾಸ್ತಿ ಸಲ ಅಚ್ಚಾಗಿದೆ ಅಂತ ಲೆಕ್ಕ ಹೇಳುತ್ತಾರೆ. ನಮ್ಮ ಮನೆಯಲ್ಲೂ ಅದರ ಒಂದು ಪ್ರತಿ ಇತ್ತು. ಅಮ್ಮ ಪ್ರತಿ ಶನಿವಾರ ಅದರ ಗಾಜು ಒರೆಸುತ್ತಿದ್ದರು. ಆ ಚಿತ್ರದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದನ್ನೇ ಫೋಟೋ ಅಂತ ನಂಬಿ, ಬೇರೆ ಮುಖ ಬರೆದರೆ ತಪ್ಪು ಅನ್ನಬೇಡಿ. ಯೇಸುವಿನ ಮೂಗು ಹೀಗಿತ್ತು, ಬಣ್ಣ ಹೀಗಿತ್ತು ಅಂತ ನಾಲ್ಕು ಸುವಾರ್ತೆಗಳಲ್ಲಿ ಒಂದರಲ್ಲೂ ಹೇಳಿಲ್ಲ.

ಇನ್ನೊಂದು ಮಾತು. ನೀವೇ ಗೃಹಪ್ರವೇಶಕ್ಕೆ ಬರೆಸಿ ಬಾಗಿಲ ಮೇಲೆ ಹಾಕುವ ವಾಕ್ಯ ಯಾವುದು? ‘ಯೆಹೋವನು ನನಗೆ ಕುರುಬನು.’ ಕೀರ್ತನೆ 23. ಅದೇ ಒಂದು ವಾಕ್ಯವನ್ನು ಎಷ್ಟು ಸಲ ಬರೆದು ಕೊಟ್ಟಿದ್ದೇನೋ ಲೆಕ್ಕ ಇಲ್ಲ. ಒಬ್ಬರೂ ‘ಕುರುಬ ಅನ್ನೋದು ಬೇಡ’ ಅಂದಿಲ್ಲ. ಕುರಿ ಮೇಯಿಸುವವನ ಕೆಲಸ ಏನು ಅಂತ ನಿಮಗೆ ಗೊತ್ತು. ಬಿಸಿಲು, ಮಳೆ, ಕಂಬಳಿ, ಬಯಲಲ್ಲಿ ರಾತ್ರಿ. ದೇವರು ಕುರುಬ ಆಗಬಹುದು, ತೋಟದವನು ಆಗಬಾರದಾ?

ನಮ್ಮ ಕಡೆಯದ್ದು ಏನೇ ಬರೆದರೂ ಜನ ಬೇಡ ಅನ್ನುತ್ತಾರೆ ಅಂತಲ್ಲ. ಮತ್ತಾಯ 6ರಲ್ಲಿ ಹೂವಿನ ಮಾತು ಬರುತ್ತದೆ. ಅವು ದುಡಿಯುವುದಿಲ್ಲ, ನೂಲುವುದಿಲ್ಲ, ಆದರೂ ಸೊಲೊಮೋನ ರಾಜನಿಗೂ ಅಂಥ ಉಡುಪಿರಲಿಲ್ಲ ಅಂತ. ಇಂಗ್ಲಿಷ್ ಬೈಬಲ್‌ಗಳಲ್ಲಿ ಸಾಮಾನ್ಯವಾಗಿ ಲಿಲ್ಲಿ ಹೂವು ಅಂತಿರುತ್ತದೆ. ನಮ್ಮ ಸತ್ಯವೇದದಲ್ಲಿ ‘ಅಡವಿಯ ಹೂವುಗಳು’. ಎಷ್ಟು ಚೆಂದದ ಮಾತು! ಅಡವಿಯ ಹೂವು ಅಂದರೆ ಮಲೆನಾಡಿನವಳಾದ ನನ್ನ ಕಣ್ಣಿಗೆ ಬರುವುದು ಸೀತಾಳೆ ದಂಡೆ. ಮಳೆ ಹಿಡಿಯುವ ಹೊತ್ತಿಗೆ ಮರದ ಕೊಂಬೆಯಿಂದ ಇಳಿಬಿಟ್ಟ ಜಡೆ ಹಾಗೆ ಅರಳುತ್ತದಲ್ಲ, ಅದು. ಬರೆದೆ. ಎಲ್ಲರೂ ಚೆನ್ನಾಗಿದೆ ಅಂದರು. ಮತ್ತಾಯ 23ರಲ್ಲಿ ಕೋಳಿ ತನ್ನ ಮರಿಗಳನ್ನು ರೆಕ್ಕೆಯ ಕೆಳಗೆ ಕೂಡಿಸಿಕೊಳ್ಳುವ ಮಾತಿದೆ. ನಮ್ಮ ಹಿತ್ತಲಿನ ಕೋಳಿಯನ್ನೇ ಬರೆದೆ. ಅದನ್ನೂ ಮೆಚ್ಚಿದರು. ಚಿತ್ರದ ನೆಲಕ್ಕೆ ಕೆಮ್ಮಣ್ಣು ಬಳಸುತ್ತೇನೆ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಪುಂಡಿ ನಾರಿನ ಕುಂಚದಲ್ಲಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರಲ್ಲ, ಅದನ್ನು ನೋಡಿ ನೋಡಿ ಆ ಕೆಂಪಿನ ಮೇಲೆ ಪ್ರೀತಿ ಬಂತು. ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಗೋಂದು ಬೆರೆಸಿ ಬಳಿಯುತ್ತೇನೆ. ಅದಕ್ಕೂ ಯಾರ ತಕರಾರೂ ಇಲ್ಲ. ಹೂವು ನಮ್ಮದಾಗಬಹುದು, ಕೋಳಿ, ಮಣ್ಣು ಎಲ್ಲ ನಮ್ಮದಾಗಬಹುದು. ಮನುಷ್ಯ ಮಾತ್ರ ನಮ್ಮವನಾಗಬಾರದು.

ಆ ಚಿತ್ರ ಮೊದಲು ನನ್ನ ಹತ್ತಿರ ಉಳಿಯಬೇಕಾದದ್ದಲ್ಲ. ಶಿವಮೊಗ್ಗದಲ್ಲಿ ಹೊಸ ಮನೆ ಕಟ್ಟಿಸಿದ ಒಂದು ಕುಟುಂಬದವರು ಹೇಳಿ ಬರೆಸಿದ್ದು. ಈಸ್ಟರ್ ವಾಕ್ಯಕ್ಕೆ ಚಿತ್ರ ಬೇಕು, ಹಾಲ್‌ನಲ್ಲಿ ಸೋಫಾ ಮೇಲೆ ಹಾಕುತ್ತೇವೆ ಅಂದಿದ್ದರು. ಎರಡೂವರೆ ತಿಂಗಳು ಕೂತು ಬರೆದೆ. ಫ್ರೇಮ್ ಹಾಕಿಸಿ ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋದೆ. ಆ ಮನೆಯ ಅಕ್ಕ ಕಾಗದ ಬಿಚ್ಚಿದರು. ನೋಡಿದರು. ಒಳಗಿದ್ದ ಗಂಡನನ್ನು ಕರೆದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಕ್ಕ ಮೆಲ್ಲಗೆ ಹೇಳಿದರು. ‘ತಪ್ಪು ತಿಳ್ಕೋಬೇಡಿ. ಇದನ್ನ ಹಾಲ್‌ನಲ್ಲಿ ಹಾಕಿದ್ರೆ, ಬಂದವರು ಇದ್ಯಾರು ನಿಮ್ಮ ತೋಟದ ಆಳಾ ಅಂತ ಕೇಳ್ತಾರೆ.’

ಮರಿಯಳೂ ಅದನ್ನೇ ಅಂದುಕೊಂಡಿದ್ದಳು ಅಂತ ನಾನು ಅವತ್ತೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಕಾಫಿ ಕುಡಿದು, ಚಿತ್ರ ವಾಪಸ್ ತಂದೆ. ಅವರು ಕೊಟ್ಟಿದ್ದ ಮುಂಗಡ ಮಾರನೇ ದಿನ ಹಿಂದಕ್ಕೆ ಕೊಟ್ಟೆ. ಅವರು ಕೆಟ್ಟ ಜನ ಅಲ್ಲ. ಆಸ್ಪತ್ರೆಯಲ್ಲಿ ಯಾರೇ ಮಲಗಿದ್ದರೂ ಮೊದಲು ಹೋಗುವವರು ಅವರೇ. ಅದಕ್ಕೇ ನನಗೆ ಜಾಸ್ತಿ ನೋವಾಯಿತು.

ನೋವಿಗೆ ಇನ್ನೊಂದು ಕಾರಣ ಇದೆ. ನಮ್ಮಪ್ಪ ಹೊಸನಗರದ ಕಡೆ ಬೇರೆಯವರ ಅಡಿಕೆ ತೋಟದಲ್ಲಿ ದುಡಿದವರು. ಕಾಲಿಗೆ ಬಳೆಯಂಥ ತಳೆ ಹಾಕಿ ಮರ ಹತ್ತಿ ಅಡಿಕೆ ಗೊನೆ ಇಳಿಸುತ್ತಿದ್ದರು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಯುತ್ತಿದ್ದರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆ ಲೆಕ್ಕ ನಾನು ಮಗ್ಗಿ ಕಲಿಯುವ ಮೊದಲೇ ಕಲಿತಿದ್ದೆ. ಮೈಲುತುತ್ತದ ನೀಲಿ ಅಂಗಿಗೆ ಹಿಡಿದರೆ ಎಷ್ಟು ಒಗೆದರೂ ಹೋಗುವುದಿಲ್ಲ. ಅಪ್ಪನಿಗೆ ಅಂಥವು ಎರಡು ಅಂಗಿ ಇದ್ದವು. ಚಿತ್ರದ ಅಂಗಿ ಮೇಲಿನ ನೀಲಿ ಅದೇ. ಅದು ಕೊಳೆ ಅಂತ ಒಬ್ಬರು ಹೇಳಿದರು. ಕೊಳೆಯಲ್ಲ, ಔಷಧಿ.

ಈಗ ನೀವು ಕೇಳಬೇಕಿದ್ದ ಪ್ರಶ್ನೆಗೆ ಬರುತ್ತೇನೆ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಹೆಸರು ಹಿಡಿದು ಕರೆದದ್ದನ್ನು ಹೇಗೆ ಬರೆದೆ?

ಆ ವಾಕ್ಯದ ಜೀವ ಇರುವುದು ಅಲ್ಲೇ. ಕಣ್ಣಿಗೆ ಕಂಡಾಗ ಗುರುತು ಸಿಗಲಿಲ್ಲ. ‘ಮರಿಯಳೇ’ ಅಂದಾಗ ಸಿಕ್ಕಿತು. ಬಣ್ಣದಲ್ಲಿ ದನಿ ಬರೆಯುವುದು ಹೇಗೆ? ಮೊದಲು ಆತನ ಬಾಯಿ ತೆರೆದಿರುವ ಹಾಗೆ ಬರೆದೆ. ಯಾರಿಗೋ ಬೈಯುತ್ತಿರುವ ಹಾಗೆ ಕಂಡಿತು. ಅಳಿಸಿದೆ. ಇಬ್ಬರೂ ಎದುರೆದುರು ನಿಂತ ಹಾಗೆ ಬರೆದೆ. ಪರಿಚಯದವರು ದಾರಿಯಲ್ಲಿ ಸಿಕ್ಕಿ ಮಾತಾಡಿದ ಹಾಗಿತ್ತು. ಅದನ್ನೂ ಬಿಟ್ಟೆ.

ಮತ್ತೆ ವಾಕ್ಯಕ್ಕೇ ಹೋದೆ. ನಿಧಾನವಾಗಿ ಓದಿದರೆ ಮರಿಯಳು ಎರಡು ಸಲ ತಿರುಗುತ್ತಾಳೆ. 14ನೇ ವಚನದಲ್ಲಿ ಒಮ್ಮೆ, 16ರಲ್ಲಿ ಇನ್ನೊಮ್ಮೆ. ಅಂದರೆ ನಡುವೆ ಅವಳ ಮುಖ ಮತ್ತೆ ಸಮಾಧಿ ಕಡೆ ಹೋಗಿರಬೇಕು. ತೋಟದವನ ಜೊತೆ ಮಾತಾಡುತ್ತಾ ಮಾತಾಡುತ್ತಾ ಕಣ್ಣು ಗುಹೆಯಂಥ ಆ ಖಾಲಿ ಸಮಾಧಿ ಕಡೆ. ಸತ್ತವರ ಮನೆಯಲ್ಲಿ ನೋಡಿದ್ದೀರಲ್ಲ, ಹಾಗೆ. ಕರೆ ಕೇಳಿಸಿದಾಗ ಅವಳ ಬೆನ್ನು ಆತನ ಕಡೆಗಿತ್ತು.

ಅದು ಹೊಳೆದ ದಿನ ನನಗೆ ಅಪ್ಪ ನೆನಪಾದರು. ಸಂಜೆ ಅಪ್ಪನಿಗೆ ಚಹಾ ತಗೊಂಡು ತೋಟಕ್ಕೆ ಹೋಗುತ್ತಿದ್ದೆ. ಅಡಿಕೆ ತೋಟದಲ್ಲಿ ಬೇಗ ಕತ್ತಲಾಗುತ್ತದೆ. ಎಲ್ಲಿ ನೋಡಿದರೂ ಒಂದೇ ಥರದ ಕಂಬದಂಥ ಮರಗಳು. ಅಪ್ಪ ಎಲ್ಲಿದ್ದಾರೆ ಅಂತ ಕಾಣುವುದಿಲ್ಲ. ಒಂದು ಸಲ ಹೀಗೇ ದಾರಿ ತಪ್ಪಿ ಅಳುತ್ತಾ ನಿಂತಿದ್ದೆ. ಹಿಂದಿನಿಂದ ಯಾರೋ ಬಂದ ಸಪ್ಪಳ. ಹೆದರಿ ತಿರುಗಿ ನೋಡಲೇ ಇಲ್ಲ. ಆಗ ಅಪ್ಪ ನನ್ನ ಹೆಸರು ಕರೆದರು. ಅಷ್ಟೇ. ಮುಖ ನೋಡುವ ಮೊದಲೇ ಹೆದರಿಕೆ ಹೋಗಿತ್ತು.

ಹಾಗಾಗಿ ಮರಿಯಳ ಬೆನ್ನನ್ನು ಆತನ ಕಡೆಗೇ ಬಿಟ್ಟೆ. ಕುತ್ತಿಗೆ ಸ್ವಲ್ಪ ಮಾತ್ರ ತಿರುಗಿದೆ. ಸೆರಗು ಜಾರಿ ಕಿವಿ ಕಾಣುತ್ತಿದೆ. ಇಡೀ ತೋಟ ಇನ್ನೂ ಕತ್ತಲು. ಬೆಳಗಿನ ಮೊದಲ ಬೆಳಕು ಮರಗಳ ಸಂದಿಯಿಂದ ಬಂದು ಬಿದ್ದಿರುವುದು ಅವಳ ಕಿವಿ ಮೇಲೆ. ಆ ಒಂದು ಕಿವಿಗೆ ಹನ್ನೊಂದು ದಿನ ಹಿಡಿಯಿತು. ಚಿತ್ರ ನೋಡಿದವರೆಲ್ಲ ಟೋಪಿ ನೋಡಿದರು, ಪಂಚೆ ನೋಡಿದರು. ಕಿವಿ ಯಾರೂ ನೋಡಲಿಲ್ಲ.

ಯೆರೂಸಲೇಮಿನಲ್ಲಿ ಅಡಿಕೆ ಮರ ಇರಲಿಲ್ಲ, ನನಗೂ ಗೊತ್ತು. ಅಲ್ಲಿ ಯುರೋಪಿನ ಅಗಲ ಅಂಚಿನ ಹ್ಯಾಟೂ ಇರಲಿಲ್ಲ. ಆದರೂ ಡಚ್ ಚಿತ್ರಕಾರ ರೆಂಬ್ರಾಂಟ್ 1638ರಲ್ಲಿ ಇದೇ ವಾಕ್ಯಕ್ಕೆ ಚಿತ್ರ ಬರೆದಾಗ ಯೇಸುವಿನ ತಲೆಗೆ ಅಂಥ ಹ್ಯಾಟು, ಕೈಗೆ ಸಲಿಕೆ ಕೊಟ್ಟರು. ಅವರಿಗಿಂತ ಸುಮಾರು 200 ವರ್ಷ ಮೊದಲು ಇಟಲಿಯ ಫ್ಲಾರೆನ್ಸ್‌ನಲ್ಲಿ, ಸಾನ್ ಮಾರ್ಕೊ ಮಠದ ಗೋಡೆ ಮೇಲೆ ಫ್ರಾ ಆಂಜೆಲಿಕೊ ಬರೆದ ಯೇಸುವಿನ ಹೆಗಲ ಮೇಲೆ ಗುದ್ದಲಿ ಇದೆ. ಅವರನ್ನು ಯಾರೂ ಹೀಗೆ ಕೇಳುವುದಿಲ್ಲ. ನಮ್ಮ ದೇಶದಲ್ಲಿ ಬರೆದವರನ್ನು ಕೇಳುತ್ತಾರೆ. ಗೋವಾದ ಏಂಜೆಲೊ ಡ ಫೊನ್ಸೆಕ ಶಾಂತಿನಿಕೇತನದಲ್ಲಿ ಕಲಿತು ಬಂದು ಯೇಸುವಿನ ತಾಯಿಗೆ ಸೀರೆ ಉಡಿಸಿ ಬರೆದರು. ತಮ್ಮ ಊರಿನವರಿಂದಲೇ ಮಾತು ಕೇಳಬೇಕಾಯಿತು. ಕೊನೆಗೆ ಪುಣೆಗೆ ಹೋಗಿ ಒಂದು ಆಶ್ರಮದಲ್ಲಿದ್ದುಕೊಂಡು ಬರೆದರು. ಅವರ ಚಿತ್ರ ನೋಡಿದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ವಾಪಸ್ ತಂದ ಚಿತ್ರ ಬಹಳ ದಿನ ಗೋಡೆಗೆ ಮುಖ ಮಾಡಿ ನಿಂತಿತ್ತು. ಮಳೆಗಾಲ ಬಂದರೆ ಬೂಷ್ಟು ಹಿಡಿಯುತ್ತದೆ ಅಂತ ಒಂದು ದಿನ ಹೊರಗೆ ತೆಗೆದು ಬಿಸಿಲಿಗೆ ಇಟ್ಟಿದ್ದೆ. ಅವತ್ತು ಚಿಕ್ಕಪ್ಪ ಬಂದರು. ರಕ್ತಸಂಬಂಧ ಅಲ್ಲ, ಅಪ್ಪನ ಜೊತೆ ಅದೇ ತೋಟದಲ್ಲಿ ಕೆಲಸ ಮಾಡಿದವರು. ಬೈಬಲ್ ಓದಿದವರಲ್ಲ. ನಾನು ಈಸ್ಟರ್ ಹಬ್ಬದ ಈ ಕಥೆ ಹೇಳಿದೆ. ಅವರು ಜಗಲಿ ಮೇಲೆ ಕೂತು ಚಿತ್ರವನ್ನು ತುಂಬ ಹೊತ್ತು ನೋಡಿದರು. ಆಗ ಆತನ ಕೈಯಲ್ಲಿ ಗುದ್ದಲಿ ಇತ್ತು. ಎರಡೂ ಕೈಯಲ್ಲಿ ಹಿಡಿದ ಹಾಗೆ ಬರೆದಿದ್ದೆ.

‘ಈ ಹಬ್ಬ ಯಾವಾಗ ಬರೋದು ಮಗಾ?’

‘ಮಾರ್ಚ್ ಕೊನೆ, ಇಲ್ಲ ಏಪ್ರಿಲ್.’

‘ಮತ್ತೆ ಗುದ್ದಲಿ ಯಾಕೆ ಕೊಟ್ಟಿದೀಯ? ಅಗತೆ ಮಾಡೋದು ಮಳೆಗಾಲ ಮುಗಿದ ಮೇಲೆ. ಆ ಉರಿ ಬೇಸಿಗೇಲಿ ಮರದ ಬುಡ ಕೆದಕಿದ್ರೆ ಬೇರು ಒಣಗಿ ಹೋಗುತ್ತೆ. ನೀರು ಬಿಡೋ ಕಾಲ ಅದು. ಕಾಲುವೆ ಬಾಯಿಗೆ ಅಡಿಕೆ ಸೋಗೆ ಗೀಗೆ ಅಡ್ಡ ಬಂದಿರುತ್ತೆ. ಕೈಯಲ್ಲೇ ಎಳೆದು ಹಾಕ್ತೀವಿ.’

ಅವರು ಹೇಳಿದ್ದು ಸರಿ ಇತ್ತು. ಅವರು ಹೋದ ಮೇಲೆ ಫ್ರೇಮ್ ಬಿಚ್ಚಿದೆ. ಗುದ್ದಲಿ ಇದ್ದ ಜಾಗಕ್ಕೆ ಕೆಮ್ಮಣ್ಣು ಬಳಿದೆ. ಕಾಲ ಹತ್ತಿರ ಒಂದು ಸಣ್ಣ ಕಾಲುವೆ ಬರೆದೆ, ಅದರಲ್ಲಿ ಈಗಷ್ಟೇ ಬಿಟ್ಟ ನೀರು. ಎಳೆದು ಹಾಕಿದ ಸೋಗೆ ಪಕ್ಕದಲ್ಲಿ ಬಿದ್ದಿದೆ. ಹಿಡಿಯುವುದಕ್ಕೆ ಏನೂ ಇಲ್ಲದೆ ಆತನ ಕೈ ಈಗ ಬಿಚ್ಚಿಕೊಂಡಿದೆ. ಬೆರಳ ತುಂಬ ಕೆಸರು. ಕೆಸರು ತಾಗದ ಅಂಗೈ ನಡುವೆ ಮೊಳೆಯ ಗಾಯ ಕಾಣುತ್ತದೆ.