ಮಾತ್ರೆ ಉಚಿತವಾಗಿರುವಾಗ ಮಹಿಳೆಯರ ಪರ ಬೇರೆಯಾಗಿ ಮಾತನಾಡುವುದೇಕೆ?

ಎಚ್‌ಐವಿ ಸೋಂಕಿತ ಮಹಿಳೆಯರ ಚಿಕಿತ್ಸೆಯ ಬಗ್ಗೆ ಮಾತೆತ್ತಿದಾಗಲೆಲ್ಲ ನನಗೆ ತಪ್ಪದೆ ಎದುರಾಗುವ ಪ್ರಶ್ನೆಯಿದು: “ಸರ್ಕಾರ ಗಂಡಸರಿಗೂ ಹೆಂಗಸರಿಗೂ ಒಂದೇ ಮಾತ್ರೆಯನ್ನು ಪುಕ್ಕಟೆ ಕೊಡುತ್ತಿದೆಯಲ್ಲ, ಹೆಂಗಸರಿಗೆಂದು ಬೇರೆ ಬೇಡಿಕೆ ಏಕೆ?”

ಮಾತ್ರೆ ಉಚಿತವೆಂಬುದು ನಿಜ. ಅದು ಸಣ್ಣ ಸಾಧನೆಯೂ ಅಲ್ಲ. 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಮತ್ತು ದೆಹಲಿಯಲ್ಲಿ ಆರಂಭವಾದ ಉಚಿತ ಎ.ಆರ್.ಟಿ. ಚಿಕಿತ್ಸೆ (ಎಚ್‌ಐವಿ ವೈರಾಣುವನ್ನು ಹತ್ತಿಕ್ಕುವ ಮಾತ್ರೆಗಳು), 2017ರಿಂದ ಸಿಡಿ4 ಎಣಿಕೆ, ಅಂದರೆ ರಕ್ತದಲ್ಲಿನ ರೋಗನಿರೋಧಕ ಕೋಶಗಳ ಎಣಿಕೆ, ಎಷ್ಟೇ ಇದ್ದರೂ ಸೋಂಕಿತರೆಲ್ಲರಿಗೂ ದೊರೆಯುತ್ತಿದೆ.

ಆದರೆ ಆ ಮಾತ್ರೆಯನ್ನು ಸೋಂಕಿತ ಮಹಿಳೆ ಮನೆಯಲ್ಲಿ ಎಲ್ಲಿಡಬೇಕು? ಡಬ್ಬಿಯ ಮೇಲಿನ ಚೀಟಿ ಕಿತ್ತು, ಅಲುಗಿದಾಗ ಸದ್ದಾಗದಂತೆ ಒಳಗೆ ಹತ್ತಿ ತುರುಕಿ, ಅಕ್ಕಿಯೊಳಗೆ ಹುದುಗಿಸಿಡುವ ಹೆಂಗಸರಿದ್ದಾರೆ. ಅಡುಗೆಮನೆಯಲ್ಲಿ ಅತ್ತೆಯೋ ನಾದಿನಿಯೋ ಇದ್ದ ರಾತ್ರಿ ಅಂದಿನ ಮಾತ್ರೆ ತಪ್ಪಿಹೋಗುತ್ತದೆ. ಮದುವೆಯಾದ ಅನೇಕರಿಗೆ ಸೋಂಕು ಬಂದಿರುವುದು ಗಂಡನಿಂದಲೇ. ಆದರೂ ಬಸಿರಿಯ ರಕ್ತಪರೀಕ್ಷೆಯಲ್ಲಿ ಅದು ಮೊದಲು ಆಕೆಯಲ್ಲಿ ಪತ್ತೆಯಾಗುವುದರಿಂದ, ರೋಗವನ್ನು ಮನೆಗೆ ತಂದವಳೆಂಬ ಹೊರೆಯೂ ಆಕೆಯ ತಲೆಗೇ ಬೀಳುತ್ತದೆ.

ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ಶೇ. 15ರಿಂದ 45ರಷ್ಟಿದ್ದು, ಸರಿಯಾದ ಚಿಕಿತ್ಸೆಯಿಂದ ಅದನ್ನು ಶೇ. 5ಕ್ಕಿಂತ ಕೆಳಗಿಳಿಸಬಹುದು. ಇದಕ್ಕಾಗಿ ಬಸಿರಿನಲ್ಲಿ ಆಕೆಯನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ಮಗುವಿಗೆ ಸೋಂಕಿಲ್ಲವೆಂದು ತಿಳಿದ ಮೇಲೆ ಆಕೆ ಆಸ್ಪತ್ರೆಗೆ ಬರುವುದು ನಿಂತರೂ ಮನೆಯಲ್ಲಿ ಕೇಳುವವರಿರುವುದಿಲ್ಲ. ನನಗೆ ಅತ್ಯಂತ ಅನ್ಯಾಯವೆನಿಸುವುದು ಇದೇ. ಮಾತ್ರೆ ಆಕೆಗೆ ಬದುಕಿನುದ್ದಕ್ಕೂ ಬೇಕು, ಅದೂ ಆಕೆಯ ಸ್ವಂತ ಜೀವಕ್ಕಾಗಿ ಬೇಕು. ಸೋಂಕಿತ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್‌ನ ಅಪಾಯ ಉಳಿದವರಿಗಿಂತ ಸುಮಾರು ಆರು ಪಟ್ಟು ಹೆಚ್ಚು.

ಶಕ್ತಿ ಯೋಜನೆ ಬಂದ ಮೇಲೆ ಬಸ್ಸೂ ಉಚಿತವಲ್ಲವೇ ಎನ್ನುತ್ತಾರೆ. ಟಿಕೆಟ್ ಹಣ ಉಳಿಯಿತು, ಸಂತೋಷ. ಆ ದಿನದ ಕೂಲಿ ಹೋಗುವುದೂ, ಎಲ್ಲಿಗೆ ಹೊರಟೆ ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರ ಹುಡುಕುವುದೂ ತಪ್ಪಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇಷ್ಟು: ಆರೋಗ್ಯ ಸ್ಥಿರವಾಗಿರುವ ಮಹಿಳೆಗೆ ಹಲವು ತಿಂಗಳ ಮಾತ್ರೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ಒಮ್ಮೆಗೆ ಸಿಗಬೇಕು; ಕ್ಯಾನ್ಸರ್ ತಪಾಸಣೆ ಅದೇ ದಿನ ಆಗಬೇಕು; ಹೆರಿಗೆಯ ನಂತರ ಬಾರದವರನ್ನು ಮಹಿಳಾ ಆಪ್ತಸಮಾಲೋಚಕರು ವಿಚಾರಿಸಬೇಕು. ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯ ಬಹಿರಂಗಪಡಿಸುವುದನ್ನು 2018ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ಎಚ್‌ಐವಿ ಕಾಯ್ದೆ ನಿಷೇಧಿಸಿರುವುದರಿಂದ, ಹಾಗೆ ವಿಚಾರಿಸುವಾಗ ಮೊದಲ ಕರೆ ಗಂಡನ ಮೊಬೈಲಿಗೆ ಹೋಗಬಾರದು.